ದಸರಾ ವಸ್ತುಪ್ರದರ್ಶನದ ಜಾದೂ: ಪ್ರೇಕ್ಷಕರು ಹೇಳಿದ ಸಂಖ್ಯೆಗಳನ್ನು ಮೊಬೈಲ್‌ನಲ್ಲಿ ಗುಣಿಸಿದರೆ ಮೈಸೂರಿನ ಪಿನ್‌ಕೋಡ್ ಬಂದದ್ದು ಹೇಗೆ?

ಉತ್ತರವನ್ನು ಜಾದೂಗಾರ ಮೊದಲೇ ಒತ್ತಿಟ್ಟಿರುತ್ತಾನೆ. ಪ್ರೇಕ್ಷಕರ ಸಂಖ್ಯೆಗಳೆಲ್ಲ ಸೊನ್ನೆಯಿಂದ ಗುಣಿಸಲ್ಪಟ್ಟು ಇಲ್ಲವಾಗುತ್ತವೆ.

ಮೊಬೈಲನ್ನು ಕೈಗೆ ಕೊಡುವ ಮುನ್ನ ಅವನು ಕ್ಯಾಲ್ಕ್ಯುಲೇಟರ್‌ನಲ್ಲಿ 570001 + 0 × ( ಎಂದು ಗುಟ್ಟಾಗಿ ಒತ್ತುತ್ತಾನೆ. ಕೊನೆಯ ಸಂಖ್ಯೆಯನ್ನಷ್ಟೇ ತೋರಿಸುವ ಕ್ಯಾಲ್ಕ್ಯುಲೇಟರ್ ಆಗಿದ್ದರೆ ಇದು ಯಾರಿಗೂ ಕಾಣದು. ಗಣಿತದ ನಿಯಮದಂತೆ ಕೂಡುವುದಕ್ಕಿಂತ ಮೊದಲು ಗುಣಿಸಬೇಕು. ಹಾಗಾಗಿ ಆವರಣದೊಳಗೆ ಏನೇ ಬಂದರೂ ಸೊನ್ನೆಯೇ. ಉಳಿಯುವುದು 570001 ಮಾತ್ರ.

ಜಾಣತನವಿರುವುದು ಆ ತೆರೆದ ಆವರಣ ಚಿಹ್ನೆಯಲ್ಲಿ. ಅದಿಲ್ಲದಿದ್ದರೆ ಎರಡನೆಯ ಸಲ ಗುಣಾಕಾರ ಒತ್ತಿದೊಡನೆ ಪರದೆಯಲ್ಲಿ ಸೊನ್ನೆ ಕಾಣಿಸಿ ಗುಟ್ಟು ರಟ್ಟಾಗುತ್ತದೆ. ಅದಿದ್ದರೆ ಒಳಗಿನ ಲೆಕ್ಕ ಪ್ರಾಮಾಣಿಕವಾಗಿಯೇ ನಡೆಯುತ್ತದೆ: 47 × 382 ಎಂದರೆ 17954 ಎಂದೇ ತೋರಿಸುತ್ತದೆ. ನೋಡುವವರ ನಂಬಿಕೆ ಗಟ್ಟಿಯಾಗುವುದು ಅಲ್ಲೇ. ಕೊನೆಗೆ ಸಮ ಚಿಹ್ನೆ ಒತ್ತಿದಾಗ ಆವರಣ ತಾನೇ ಮುಚ್ಚಿಕೊಳ್ಳುತ್ತದೆ. ಯಂತ್ರ ಎಲ್ಲಿಯೂ ಸುಳ್ಳು ಹೇಳದ ಈ ವಿಧಾನವೇ ನನಗೆ ಅಚ್ಚುಮೆಚ್ಚು.

ಇಡೀ ಲೆಕ್ಕವನ್ನು ಸಾಲಾಗಿ ತೋರಿಸುವ ಕ್ಯಾಲ್ಕ್ಯುಲೇಟರ್‌ಗಳಲ್ಲಿ ಇದು ನಡೆಯದು. ಅಂಥ ಕಡೆ ಜಾದೂಗಾರರು ಕ್ಯಾಲ್ಕ್ಯುಲೇಟರ್‌ನಂತೆಯೇ ಕಾಣುವ, ತಾವು ತುಂಬಿಟ್ಟ ಉತ್ತರವನ್ನೇ ಕೊಡುವ ಆ್ಯಪ್ ಬಳಸುತ್ತಾರೆ.