ದಮ್ಮು ಇರುವವರಿಗೆ ಹೃದಯದ ಮಾತ್ರೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಸಿಒಪಿಡಿಗೆ (ಶ್ವಾಸನಾಳ ಕಿರಿದಾಗಿ ದೀರ್ಘಕಾಲ ಕಾಡುವ ದಮ್ಮಿನ ಕಾಯಿಲೆ) ಇನ್ಹೇಲರ್ ಸೇದುತ್ತಾರೆ. ಎರಡು ತಿಂಗಳ ಹಿಂದೆ ಹೃದಯಾಘಾತವಾದಾಗ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ (ಹೃದಯದ ಮೇಲೆ ಅಡ್ರಿನಲಿನ್ ಪರಿಣಾಮ ತಗ್ಗಿಸುವ ಮಾತ್ರೆ) ಬರೆದುಕೊಟ್ಟರು. ದಮ್ಮು ಇದ್ದವರಿಗೆ ಬೀಟಾ ಬ್ಲಾಕರ್ ಆಗದು ಎಂದು ಯಾರೋ ಹೇಳಿದ್ದಕ್ಕೆ ಮಾತ್ರೆ ಬಿಡುತ್ತೇನೆ ಅನ್ನುತ್ತಿದ್ದಾರೆ. ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಲು ಕೊಡಬೇಡಿ. ಈ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಅದು ತಡೆದಿಟ್ಟಿದ್ದ ಅಡ್ರಿನಲಿನ್ ಹೊಡೆತ ಒಮ್ಮೆಲೇ ಹೃದಯಕ್ಕೆ ಬೀಳುತ್ತದೆ. ಎದೆನೋವು ಮರುಕಳಿಸಬಹುದು, ಮತ್ತೊಂದು ಆಘಾತವೂ ಆಗಬಹುದು.

ಹಾಗೆ ಹೇಳಿದವರ ಭಯ ಪೂರ್ತಿ ಸುಳ್ಳಲ್ಲ. ಅಡ್ರಿನಲಿನ್ ಬಂದು ಕೂರುವ ಜಾಗಗಳಿಗೆ ಗ್ರಾಹಕ ಎನ್ನುತ್ತಾರೆ. ಹೃದಯದಲ್ಲಿ ಹೆಚ್ಚಾಗಿರುವುದು ಬೀಟಾ-1 ಗ್ರಾಹಕ, ಶ್ವಾಸನಾಳವನ್ನು ಸಡಿಲಿಸುವುದು ಬೀಟಾ-2. ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಎರಡನ್ನೂ ಮುಚ್ಚುತ್ತದೆ. ಆಗ ಶ್ವಾಸನಾಳ ಬಿಗಿಯುತ್ತದೆ, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್ ಸೇದಿದರೂ ಸರಿಯಾಗಿ ಹಿಡಿಯುವುದಿಲ್ಲ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಮುಖ್ಯವಾಗಿ ಬೀಟಾ-1ರ ಮೇಲೆ ಕೆಲಸ ಮಾಡುವುದರಿಂದ ಸಿಒಪಿಡಿ ಇರುವ ಬಹುತೇಕರಿಗೆ ಒಗ್ಗುತ್ತವೆ. ಆದರೆ ಪ್ರಮಾಣ ಏರಿದಂತೆ ಬೀಟಾ-1ನ್ನೇ ಆರಿಸಿಕೊಳ್ಳುವ ಈ ಗುಣ ಕಡಿಮೆಯಾಗುತ್ತದೆ. ಹೃದಯ ದುರ್ಬಲವಾದವರಲ್ಲಿ, ಹೃದಯ ಇನ್ನಷ್ಟು ಸೋಲದಂತೆ, ಬಿಸೊಪ್ರೊಲಾಲನ್ನು 1.25 ಮಿ.ಗ್ರಾಂನಿಂದ ಶುರುಮಾಡಿ, ಕನಿಷ್ಠ ಎರಡು ವಾರ ಬಿಟ್ಟು ಏರಿಸುತ್ತಾರೆ. ಅಸ್ತಮಾದ ಲೆಕ್ಕ ಬೇರೆ: ಅಲ್ಲಿ ಕಡಿಮೆ ಪ್ರಮಾಣವೂ ಶ್ವಾಸನಾಳವನ್ನು ಬಿಗಿಯಬಹುದು. ತಂದೆಯವರಿಗೆ ಇರುವುದು ಯಾವುದು ಎಂಬುದನ್ನು ಸ್ಪೈರೋಮೆಟ್ರಿಯಿಂದ (ಕೊಳವೆಗೆ ಊದಿಸಿ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ) ಖಚಿತಪಡಿಸಿಕೊಂಡಿದ್ದಾರೆಯೇ, ಕೇಳಿ.

ಪ್ರಮಾಣ ಏರಿಸಿದ ಮೊದಲ ದಿನಗಳಲ್ಲಿ ಬೆಳಿಗ್ಗೆ ಕೂತಿರುವಾಗಲೇ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. 50ಕ್ಕಿಂತ ಇಳಿದರೆ, ತಲೆ ಸುತ್ತಿದರೆ, ಎದೆಯಲ್ಲಿ ಸುಂಯ್‌ಗುಟ್ಟುವಿಕೆ ಹೆಚ್ಚಿದರೆ ಅಥವಾ ಇನ್ಹೇಲರ್ ಪದೇ ಪದೇ ಬೇಕಾದರೆ ಅಂದೇ ವೈದ್ಯರಿಗೆ ತಿಳಿಸಿ. ಒಂದು ವಾಕ್ಯ ಮುಗಿಸುವಷ್ಟೂ ಉಸಿರು ಸಾಲದಿದ್ದರೆ ಕಾಯಬೇಡಿ, ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಹೆಸರಿನ ಮುಂದೆ ‘ಎಕ್ಸ್‌ಎಲ್’ ಎಂದಿರುವ ಮಾತ್ರೆಯನ್ನು ಅಗಿಯಬಾರದು, ಪುಡಿ ಮಾಡಬಾರದು. ದಿನವಿಡೀ ನಿಧಾನವಾಗಿ ಕರಗಬೇಕಾದ ಔಷಧ ಒಮ್ಮೆಗೇ ರಕ್ತ ಸೇರುತ್ತದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಗ್ಲಾಕೋಮಾಗೆ (ಕಣ್ಣಿನೊಳಗಿನ ಒತ್ತಡ ಹೆಚ್ಚುವ ಕಾಯಿಲೆ) ಹಾಕುವ ಟಿಮೊಲಾಲ್ ಹನಿಯೂ ಎರಡೂ ಗ್ರಾಹಕ ಮುಚ್ಚುವ ಬೀಟಾ ಬ್ಲಾಕರೇ. ಕಣ್ಣಿನಿಂದ ಮೂಗಿಗಿಳಿದು ನೇರ ರಕ್ತ ಸೇರುತ್ತದೆ. ಕಣ್ಣಿನ ವೈದ್ಯರಿಗೆ ಸಿಒಪಿಡಿ ಇರುವುದನ್ನು ಹೇಳಲೇಬೇಕು.

ಪ್ರಶ್ನೆ: ಸಿಒಪಿಡಿ ಇರುವ ನನಗೆ ರಾಮಿಪ್ರಿಲ್ ಎಂಬ ಬಿಪಿ-ಹೃದಯದ ಮಾತ್ರೆ ಶುರುವಾದ ಮೇಲೆ ಕೆಮ್ಮು ಜಾಸ್ತಿಯಾಗಿದೆ. ಕಾಯಿಲೆ ಉಲ್ಬಣಿಸಿತೇ?

ಉತ್ತರ: ಕಫ ನೋಡಿ. ಕಫ ಹೆಚ್ಚಿದ್ದರೆ, ಹಳದಿ-ಹಸಿರಿಗೆ ತಿರುಗಿದ್ದರೆ ಶ್ವಾಸಕೋಶದ ಕಡೆ ಅನುಮಾನ. ಗಂಟಲು ಕೆರೆದಂತಾಗಿ ಬರುವ ಒಣಕೆಮ್ಮಾದರೆ ಮಾತ್ರೆಯದ್ದೇ ಇರಬಹುದು. ಅದರಿಂದ ಬ್ರಾಡಿಕೈನಿನ್ ಎಂಬ ದೇಹದ್ದೇ ರಾಸಾಯನಿಕ ಶೇಖರವಾಗಿ ಗಂಟಲು ಕೆರಳುತ್ತದೆ. ಇದಕ್ಕೆ ಕೆಮ್ಮಿನ ಸಿರಪ್ ಕುಡಿದು ಫಲವಿಲ್ಲ. ವೈದ್ಯರು ಸಾಮಾನ್ಯವಾಗಿ ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್ ಎಂಬ ಬೇರೆ ಗುಂಪಿನ ಮಾತ್ರೆಗೆ ಬದಲಿಸುತ್ತಾರೆ. ಕೆಮ್ಮು ಹೆಚ್ಚಾಗಿ 1ರಿಂದ 4 ವಾರಗಳಲ್ಲಿ ನಿಲ್ಲುತ್ತದೆ, ಕೆಲವರಿಗೆ ಇನ್ನೂ ತಡವಾಗುತ್ತದೆ. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಿ.