ಪುಣೆಯಲ್ಲಿ ಬಿಎ ಸೈಕಾಲಜಿ ಫೀಲ್ಡ್ ಪ್ಲೇಸ್‌ಮೆಂಟ್‌ಗೆ ಸೇರುವುದು ಹೇಗೆ? ಮರಾಠಿ ಅಷ್ಟಾಗಿ ಬರಲ್ಲ

ಫೀಲ್ಡ್ ಪ್ಲೇಸ್‌ಮೆಂಟ್ ಅಂದರೆ ಆಸ್ಪತ್ರೆ, ಶಾಲೆಯಂಥ ಸಂಸ್ಥೆಗೆ ಹೋಗಿ ಕೆಲಸ ನೋಡಿ ಕಲಿಯುವ ಪೇಪರ್. ಕಾಲೇಜಿನ ಪೋರ್ಟಲ್‌ನಲ್ಲಿ ಈ ಪೇಪರ್ ಆರಿಸಿಕೊಂಡರೆ ಹೋಗುವ ಜಾಗವನ್ನು ಕಾಲೇಜೇ ಕೊಡುತ್ತದಾ ಅಂತ ಕೇಳಿದ್ದೀರಿ. ಎಷ್ಟೋ ಕಾಲೇಜುಗಳಲ್ಲಿ ಜಾಗ ನೀವೇ ಹುಡುಕಬೇಕು. ಆದ್ದರಿಂದ ಮೊದಲು ಜಾಗ, ಆಮೇಲೆ ಫಾರ್ಮ್.

ಗಂಟೆಗಳ ಲೆಕ್ಕ ನೋಡಿ. 1 ಕ್ರೆಡಿಟ್ ಅಂದರೆ 30 ಗಂಟೆ, 4 ಕ್ರೆಡಿಟ್‌ಗೆ 120. ವಾರಕ್ಕೆ 8 ಗಂಟೆಯಂತೆ 15 ವಾರ. ಬಸ್ಸು, ಮೆಟ್ರೊದಲ್ಲಿ ಕಳೆದದ್ದು ಇದರಲ್ಲಿ ಸೇರಲ್ಲ. ಚಿಂಚವಡದವರು ಯೆರವಡಾಕ್ಕೆ ಹೋಗಬೇಕೆಂದರೆ ಜಿಲ್ಲಾ ನ್ಯಾಯಾಲಯ (ಸಿವಿಲ್ ಕೋರ್ಟ್) ನಿಲ್ದಾಣದಲ್ಲಿ ಮೆಟ್ರೊ ಬದಲಿಸಬೇಕು. ದಿನಾ ಎರಡೆರಡು ಗಂಟೆ ಹೋಗಿಬರುವ ಬದಲು ವಾರದಲ್ಲಿ ಎರಡು ದಿನ ನಾಲ್ಕು ನಾಲ್ಕು ಗಂಟೆ ಇಟ್ಟುಕೊಳ್ಳಿ. ಉಳಿದ ಪೇಪರ್‌ಗಳ ಹಾಜರಿಗೂ ಹೊಡೆತ ಬೀಳಲ್ಲ.

ಜಾಗ ಆರಿಸುವಾಗ ಸಂಸ್ಥೆಯ ಹೆಸರಿಗೆ ಮರುಳಾಗಬೇಡಿ. ಅಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಯಾರು, ವಾರಕ್ಕೆ ಒಂದು ಗಂಟೆಯಾದರೂ ಕೂತು ಮಾತಾಡುತ್ತಾರಾ, ಇದನ್ನು ಮೊದಲೇ ಕೇಳಿ. ಯೆರವಡಾದ ಪ್ರಾದೇಶಿಕ ಮನೋರುಗ್ಣಾಲಯ (ಸರ್ಕಾರಿ ಮಾನಸಿಕ ಆಸ್ಪತ್ರೆ) ದೊಡ್ಡದೇ, ಆದರೆ ಅಷ್ಟು ದೊಡ್ಡ ಕಡೆ ಮಾರ್ಗದರ್ಶಕರು ಸಿಗದಿದ್ದರೆ ವಾರ್ಡ್ ಬಾಗಿಲಲ್ಲಿ ನಿಂತೇ ಗಂಟೆ ಮುಗಿಯುತ್ತದೆ. ಹಾಗಾಗುವುದಕ್ಕಿಂತ ವಿಶೇಷ ಮಕ್ಕಳ ಶಾಲೆ, ವ್ಯಸನಮುಕ್ತಿ ಕೇಂದ್ರ ಅಥವಾ ಡೇಕೇರ್‌ನಲ್ಲಿ ಕಲಿಯುವುದು ಹೆಚ್ಚು. ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ ಅನ್ನುವ ಕ್ಲಿನಿಕ್‌ಗಳ ಹತ್ತಿರ ಹೋಗಲೇಬೇಡಿ.

ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ಪ್ರಿನ್ಸಿಪಾಲರ ಸಹಿಯ ಪತ್ರ ವೈದ್ಯಕೀಯ ಅಧೀಕ್ಷಕರ ಹೆಸರಿಗಿರಲಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಇನ್‌ವರ್ಡ್ ನಂಬರ್, ಅಂದರೆ ಪತ್ರ ತಲುಪಿದ್ದಕ್ಕೆ ಕಚೇರಿ ಕೊಡುವ ನಂಬರ್, ಹಾಕಿಸಿಕೊಳ್ಳಿ. ಅದಿಲ್ಲದಿದ್ದರೆ ನಾಳೆ ವಿಚಾರಿಸಲು ಹೋದಾಗ ಪತ್ರವೇ ಬಂದಿಲ್ಲ ಅನ್ನುತ್ತಾರೆ. ಪತ್ರದಲ್ಲಿ ಪೇಪರ್‌ನ ಕೋಡ್, ಒಟ್ಟು ಗಂಟೆ, ಶುರು-ಮುಗಿಯುವ ತಾರೀಖು, ಕಾಲೇಜಿನ ಮಾರ್ಗದರ್ಶಕರ ಹೆಸರು ಬರೆಸಿ. ಒಪ್ಪಿಗೆ ಪತ್ರ ಬರುವ ಮೊದಲೇ ಹೋಗಿ ಕೂತ ಗಂಟೆಗಳನ್ನು ಕಾಲೇಜಿನ ವಿಭಾಗ ಒಪ್ಪದೇ ಹೋಗಬಹುದು. ಸೆಮಿಸ್ಟರ್ ಕೊನೆಗೆ ಇದೇ ದೊಡ್ಡ ತಕರಾರು. ಒಪ್ಪಿಗೆ ಬಂದಮೇಲೆ ಕಾಲೇಜು ಐಡಿ, ಬೋನಾಫೈಡ್, ಎಬಿಸಿ ಐಡಿ (ಕ್ರೆಡಿಟ್‌ಗಳು ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯ ನಂಬರ್) ಸೇರಿಸಿ ವಿಭಾಗಕ್ಕೆ ಕೊಡಿ.

ಮರಾಠಿಯ ಬಗ್ಗೆ: ಸಂಸ್ಥೆಗೆ ಮೊದಲೇ ಹೇಳಿಬಿಡಿ. ಗುಂಪು ಚಟುವಟಿಕೆ, ಆಟ, ಚಿತ್ರ ಬಿಡಿಸುವುದು ಹಿಂದಿಯಲ್ಲೂ ನಡೆಯುತ್ತದೆ. ಹಿರಿಯರ ಜೊತೆ, ಹಳ್ಳಿಯಿಂದ ಬಂದ ಮನೆಯವರ ಜೊತೆ ಮಾತ್ರ ಮರಾಠಿ ಬೇಕೇ ಬೇಕು. ಅರ್ಥವಾಗದ್ದನ್ನು ಊಹಿಸಿ ಬರೆದರೆ ರಿಪೋರ್ಟೇ ತಪ್ಪಾಗುತ್ತದೆ.

ಪದವಿ ವಿದ್ಯಾರ್ಥಿಗೆ ಇರುವುದು ನೋಡುವ, ಜೊತೆಗಿದ್ದು ನೆರವಾಗುವ ಕೆಲಸ. ರೋಗ ಹೆಸರಿಸುವುದು, ಥೆರಪಿ ಕೊಡುವುದು ನಿಮ್ಮದಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಬೇಕು. ರಿಪೋರ್ಟ್‌ನಲ್ಲಿ ನಿಜವಾದ ಹೆಸರು, ಬೆಡ್ ನಂಬರ್, ಊರು ಬೇಡ. ಫೋಟೊ ಅಂತೂ ಬೇಡವೇ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಮಕ್ಕಳ ಜಾಗದಲ್ಲಾದರೆ ಇನ್ನೊಂದು ಮಾತು: ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಯಾರಿಗೂ ಹೇಳಲ್ಲ ಎಂದು ಮಗುವಿಗೆ ಮಾತು ಕೊಡಬೇಡಿ. ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಅದೇ ದಿನ ಮಾರ್ಗದರ್ಶಕರಿಗೂ ಹೇಳಿ.

ಗಂಟೆಗಳನ್ನು ಬರೆದಿಡುವ ಲಾಗ್ ಶೀಟ್‌ಗೆ ಸಂಸ್ಥೆಯ ಮಾರ್ಗದರ್ಶಕರಿಂದ ವಾರವಾರವೂ ಸಹಿ ಹಾಕಿಸಿ. ಮಾರ್ಗದರ್ಶಕರು ಮಧ್ಯದಲ್ಲೇ ಕೆಲಸ ಬಿಟ್ಟರೆ ಹಳೇ ವಾರಗಳಿಗೆ ಸಹಿ ಹಾಕುವವರು ಇರಲ್ಲ. ಕೊನೆಯ ಸರ್ಟಿಫಿಕೇಟ್‌ನ ಗಂಟೆಗೂ ಶೀಟ್‌ನ ಮೊತ್ತಕ್ಕೂ ತಾಳೆಯಾಗುತ್ತದಾ ಎಂದು ಅಲ್ಲೇ ಕೂಡಿಸಿ ನೋಡಿ.