“ಅಲ್ಲಿ ಅವರೂ ಬರ್ತಾರಲ್ಲ ಮೇಡಂ”

ಚುನಾವಣೆ ಮುಗಿದ ತಿಂಗಳೊಪ್ಪತ್ತಿನಲ್ಲಿ ಇಂಥವರೊಬ್ಬರು ನನ್ನ ಬಳಿ ಸಮಾಲೋಚನೆಗೆ ಬಂದೇ ಬರುತ್ತಾರೆ: ಊರು ಸುಧಾರಿಸಲು ಹೊರಟು ನಿದ್ದೆ ಕಳೆದುಕೊಂಡವರು. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ವಿಷಯ ಬರೆಯುತ್ತಿದ್ದೇನೆ.

ವಯಸ್ಸು 29, ಹಳ್ಳಿಯ ಪದವೀಧರ. ರಾತ್ರಿ ಎರಡರವರೆಗೂ ಮೊಬೈಲು, ಊಟ ಸೇರದು. ಪಕ್ಷದ ವಿಚಾರಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ಆರು ತಿಂಗಳು. ಊರಿನ ವಾಟ್ಸ್‌ಆ್ಯಪ್ ಗ್ರೂಪಿನಿಂದಲೂ ತೆಗೆದುಹಾಕಿದ್ದರು. ಸಾಯುವ ಯೋಚನೆ ಬಂದಿದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ, ಇರಲಿಲ್ಲ.

ಮೂರನೇ ಭೇಟಿಗೆ ದಪ್ಪ ಫೈಲು ತಂದರು. ಮಾಹಿತಿ ಹಕ್ಕಿನಡಿ ಹಾಕಿದ 14 ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಇವರು ಚರಂಡಿ, ನರೇಗಾ, ಬೀದಿದೀಪ ಎಲ್ಲವನ್ನೂ ಒಂದರಲ್ಲೇ ತುರುಕಿದ್ದರು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು; ಸಿಟ್ಟಿನಲ್ಲಿ ಅದನ್ನು ಬಿಟ್ಟು ಹೊಸ ಅರ್ಜಿ ಬರೆದಿದ್ದರು. ಒಂದಕ್ಕೆ ಮಾತ್ರ ಸರಿಯಾದ ಉತ್ತರವಿತ್ತು. ಚರಂಡಿ ಬಿಲ್ಲಿನಲ್ಲಿ 60 ಮೀಟರ್, ನೆಲದ ಮೇಲೆ 38.

“ಇದನ್ನಿಟ್ಟುಕೊಂಡು ಏನು ಮಾಡಿದಿರಿ?”

“ಫೇಸ್‌ಬುಕ್‌ಗೆ ಹಾಕಿದೆ.”

“ವಾರ್ಡ್ ಸಭೆಯಲ್ಲಿ ಓದಲಿಲ್ವಾ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಲ್ಲಿ ಅವರೂ ಬರ್ತಾರಲ್ಲ ಮೇಡಂ.”

ವಾರ್ಡ್ ಸಭೆ ಎಂದರೆ ಪಂಚಾಯಿತಿ ವಾರ್ಡಿನ ಮತದಾರರೆಲ್ಲ ಸೇರುವ ಸಭೆ; ಅವರು ಎಂದರೆ ಇನ್ನೊಂದು ಪಕ್ಷದವರು. ಚರಂಡಿ ನೀರು ಯಾರ ಯಾರ ಮನೆ ಮುಂದೆ ನಿಲ್ಲುತ್ತದೆ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದರು. ಏಳು ಮನೆ, ನಾಲ್ಕು ‘ಅವರ’ವು. ಏಳನೆಯದು ಅಣ್ಣನದು, ಅದನ್ನು ಹೇಳುವಾಗ ದನಿ ಇಳಿಯಿತು. ಉಳಿದ ಅರ್ಧ ಗಂಟೆ ಫೈಲು ಮುಚ್ಚಿಯೇ ಇತ್ತು.

ಇಂಥವರಿಗೆ ಕೆಲಕಾಲ ಊರ ಉಸಾಬರಿಯನ್ನೇ ಬಿಡಿಸಬೇಕು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ಬಿಡಿಸಿದ್ದರೆ ಇವರ ಕೈಯಲ್ಲಿ ಉಳಿಯುತ್ತಿದ್ದದ್ದು ಮೊಬೈಲೊಂದೇ.

13 ಅರ್ಜಿ ಬೀರುವಿಗೆ, ಚರಂಡಿ ಮಾತ್ರ ಮೇಜಿಗೆ ಎಂದೆ. ಏಳೂ ಮನೆಗೆ ಹೋಗಿ. ವಿಡಿಯೊ ಬೇಡ, ಕಂಟ್ರಾಕ್ಟರ್ ಹೆಸರು ಬೇಡ, ನೀರು ಎಲ್ಲಿವರೆಗೆ ನಿಲ್ಲುತ್ತದೆ ಎಂದಷ್ಟೇ ಕೇಳಿ. ಅಣ್ಣನ ಮನೆ ಮೂರನೆಯದಿರಲಿ. ಮೊದಲೇ ಹೋದರೆ ಚರಂಡಿ ಬಿಟ್ಟು ಹಳೇ ಜಗಳ ಶುರುವಾಗುತ್ತದೆ. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಕೋರಂಗೆ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿಗೆ, ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಸಾಕು. ಅಂದರೆ ಈ ಏಳು ಮನೆಯವರು ಬಂದರೇ ಸಭೆ ತುಂಬಿದಂತೆ. ಕೆಲಸ ಕೆಡುವುದು ಸಾಮಾನ್ಯವಾಗಿ ನಡವಳಿ ಪುಸ್ತಕದಲ್ಲಿ: ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಆಮೇಲೆ ಬರೆಯುತ್ತಾರೆ. ಠರಾವು ಬರೆದು ಓದಿದ ಮೇಲೇ ಸಹಿ. ರಾತ್ರಿ ಒಂಬತ್ತಕ್ಕೆ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗೆ.

ಬೆದರಿಕೆ ಬಂದಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ಮಾಹಿತಿ ಕೇಳಿದವರ ಮೇಲೆ ಹಲ್ಲೆಗಳಾಗಿವೆ. ಅಂಥಲ್ಲಿ ಮೊದಲು ಪೊಲೀಸರಿಗೆ ಲಿಖಿತ ದೂರು; ಒಂಟಿಯಾಗಿ ಮನೆ ಮನೆ ಸುತ್ತುವುದು ಖಂಡಿತ ಬೇಡ.

ಸಭೆಗೆ 23 ಜನ ಬಂದರಂತೆ, ಠರಾವಾಯಿತಂತೆ. ಅಣ್ಣ ಸಹಿ ಹಾಕಿ, ಮಾತಾಡದೆ ಎದ್ದುಹೋದರಂತೆ. ಚರಂಡಿ ಇನ್ನೂ ಆಗಿಲ್ಲ. ನಿದ್ದೆ ಹನ್ನೊಂದಕ್ಕೆ ಬರುತ್ತಿದೆ.